ಲಾಟಿನ ಚೀಟಿ

ಪುಸ್ತಕದ ಹೆಸರು ‘ನಾಲ್ಕನೇ ಜ್ವರ’.
ಜಾಲದಂಗಡಿಯ ಯಂತ್ರ ಅದನ್ನೋದಿ
ಆರೋಗ್ಯದ ಕಪಾಟಿಗೆ ಹಾಕಿತ್ತು,
ಡೆಂಗಿ, ಮಲೇರಿಯಾ, ಮನೆಮದ್ದುಗಳ ಪಕ್ಕ.
ಒಂದೂವರೆ ವರ್ಷ ಅಲ್ಲೇ ಮಲಗಿತ್ತು.
ಕೊಂಡವನೊಬ್ಬ ವಾಪಸು ಕಳಿಸಿದ:
‘ಇದರಲ್ಲಿ ಬರೀ ಹುಳ.’

ಹೌದು ಸ್ವಾಮಿ, ಬರೀ ಹುಳ.
ಶಿಡ್ಲಘಟ್ಟದಲ್ಲಿ ಜ್ವರ ಅಂದರೆ
ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ,
ಹಳೇ ಚರ್ಮ ಕಳಚುವ ಮುನ್ನ ಕೂರುವ ಮೌನ.
ಇಲ್ಲಿ ಎರಡನೇ ಕ್ಲಾಸಿನ ಮಗುವಿಗೂ ಗೊತ್ತು.
ಯಂತ್ರಕ್ಕೆ ಹೇಳಿದವರಿಲ್ಲ.

ಹೇಳಬೇಕಾದವಳು ನಾನೇ.
ಪ್ರಕಾಶನದಲ್ಲಿ ನನಗೆ ಸಂಬಳ ಅದಕ್ಕೇ.
‘ವಿಷಯ’ ಎಂಬ ಖಾನೆಯಲ್ಲಿ ಅವತ್ತು
ಊಟದ ಹೊತ್ತಾಯಿತೆಂದು ‘ಇತರೆ’ ಒತ್ತಿ ಎದ್ದಿದ್ದೆ.

ಅಬ್ಬಾ ಗೂಡಿನ ಮಾರ್ಕೆಟ್ಟಲ್ಲಿ ಚೀಟಿ ಬರೆಯುತ್ತಿದ್ದರು.
ಲಾಟಿಗೊಂದು: ಯಾರ ಬೆಳೆ, ಯಾವೂರು,
ಹಳದಿಗೂಡೋ ಬಿಳಿಗೂಡೋ, ಎಷ್ಟು ಕೆಜಿ.
‘ಚೀಟಿ ಹಾರಿಹೋದರೆ ಚಿನ್ನದಂಥ ಗೂಡಿಗೂ
ಕೂಗುವವರಿಲ್ಲ ಬೇಟಿ’ ಅನ್ನುತ್ತ
ಮೇಲೊಂದು ಸಣ್ಣ ಕಲ್ಲು ಇಡುತ್ತಿದ್ದರು.

ಆ ಕಲ್ಲು ಹುಡುಕುತ್ತ ಕೂತೆ, ಮೊನ್ನೆ ರಾತ್ರಿ.

ಮೊದಲು ಲೇಖಕರು. ಮೇಲೂರು ಬಚ್ಚಣ್ಣ ಒಂದು ಕಡೆ,
ಎಂ. ಬಚ್ಚಣ್ಣ ಇನ್ನೊಂದು ಕಡೆ, ಮತ್ತೊಂದು ಕಡೆ ಬಚ್ಛಣ್ಣ.
ಒಬ್ಬನೇ ಮನುಷ್ಯ ಮೂರು ಪಾಲಾಗಿ
ಪರಸ್ಪರ ಗುರುತಿಲ್ಲದೆ ನಿಂತಿದ್ದ.
ಕೂಡಿಸಿದೆ.

ಆಮೇಲೆ ಪದಗಳು:
ರೇಷ್ಮೆ, ಹಿಪ್ಪುನೇರಳೆ, ಚಾಕಿ, ಚಂದ್ರಿಕೆ,
ಹಾಲುರೋಗ, ಸುಣ್ಣಕಟ್ಟು, ಊಜಿ ನೊಣ.
ಪುಸ್ತಕದ ಮಾತು ಸಾಕೇ? ಹುಡುಕುವವರು
ಜ್ವರ ಅನ್ನುವುದಿಲ್ಲ, ಜರ ಅನ್ನುತ್ತಾರೆ. ಸೇರಿಸಿದೆ.
ಚೇಳೂರಿನ ಕಡೆ ತೆಲುಗು. ‘ಪುರುಗು’ ಸೇರಿಸಿದೆ.

ಯಾರಿಗಾಗಿ ಈ ಪುಸ್ತಕ, ಒಂದು ಸಾಲಲ್ಲಿ ಹೇಳಿ ಅಂದರೆ
ಬಚ್ಚಣ್ಣ ಫೋನಲ್ಲೇ ಬೈದರು:
‘ಬರಿಯೋಕೆ ಏಳು ವರ್ಷ ಹಿಡೀತು,
ನೀನು ಒಂದು ಸಾಲು ಕೇಳ್ತೀಯ!’
ಸ್ವಲ್ಪ ಹೊತ್ತು ಬರೀ ಉಸಿರು.
‘ಬರ್ಕೋ. ಹುಳದ ಜತೆ ನಿದ್ದೆಗೆಟ್ಟೋರಿಗೆ.’

ಈವತ್ತು ಬೆಳಗ್ಗೆ ನೋಡಿದೆ. ರಾತ್ರಿ ಎರಡೂ ಹತ್ತಕ್ಕೆ
ಯಾರೋ ಕೇಳಿದ್ದಾರೆ, ಹಕಾರ ನುಂಗಿದ ಕನ್ನಡದಲ್ಲಿ:
‘ಉಳ ತಲೆ ಎತ್ತಿ ಕುಂತವೆ ತಿಂತಿಲ್ಲ ಸತ್ತೋಗ್ತವ’

ಪುಸ್ತಕ ತೆರೆದುಕೊಂಡಿದೆ. ಮಾದರಿ ಪುಟ, ನಲವತ್ತೊಂದು:
‘ಸೊಪ್ಪು ಹಾಕಬೇಡಿ. ಮುಟ್ಟಬೇಡಿ. ಕಾಯಿರಿ.’
ಕೊಂಡರೋ ಇಲ್ಲವೋ, ತಿಳಿಯದು.

ಆ ಪ್ರಶ್ನೆಯನ್ನು ತಿದ್ದಲಿಲ್ಲ.
ಉಳವನ್ನು ಉಳವಾಗಿಯೇ ಬಿಟ್ಟು
ಖಾನೆಗೆ ಸೇರಿಸಿದೆ.