ಬಾಲ ಉದ್ದದ ಳ

ಆರನೇ ತರಗತಿಗೆ ಹೋಂವರ್ಕ್ ಬೇಡವೆಂದು
ಸೋಮವಾರದ ಸಭೆಯಲ್ಲಿ ವಾದಿಸಿದವಳು ನಾನೇ.
ಮಂಡಕ್ಕಿ ಭಟ್ಟಿ ಓಣಿಯ ಮಕ್ಕಳು, ಸರ್,
ಸಂಜೆ ಚೀಲ ಹೊಲಿಯುತ್ತವೆ, ನೀರು ಹೊರುತ್ತವೆ,
ಮಗ್ಗಿ ಯಾವಾಗ ಬರೆದಾವು?
ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು: ನೋಡೋಣ.

ಇವತ್ತು ನಲವತ್ತೊಂದು ನೋಟ್‌ಬುಕ್ಕು, ಕೆಂಪು ಪೆನ್ನು,
ತಣ್ಣಗಾದ ಚಹಾ.
ಕಿಟಕಿಯಾಚೆ ಹಳೇ ದಾವಣಗೆರೆಯ ಮೇಲೆ ಭಟ್ಟಿಗಳ ಹೊಗೆ;
ಜಬೀನಾಳ ಪುಸ್ತಕ ತೆರೆದರೆ ಒಳಗೂ ಅದೇ ವಾಸನೆ.
ಹದಿನೇಳರ ಮಗ್ಗಿಯ ಮೇಲೊಂದು ಮಸಿಯ ಹೆಬ್ಬೆರಳು,
ನಡುಹಾಳೆಯಲ್ಲಿ ಅಪ್ಪಚ್ಚಿಯಾದ ಒಂದೇ ಒಂದು ಮಂಡಕ್ಕಿ.

ಅಕ್ಷರ ಮಾತ್ರ ಅವಳದ್ದಲ್ಲ.
ಅವಳದು ಗೆರೆ ಬಿಟ್ಟು ಜಾರುವ ಅಕ್ಷರ,
ಇಲ್ಲಿ ಒಂದೊಂದೂ ತಂತಿಯ ಮೇಲಿನ ಗುಬ್ಬಿ.
ಹದಿನೇಳು ಏಳಲೆ ನೂರಾ ಹತ್ತೊಂಬತ್ತು:
ಪ್ರತಿ ಳಕ್ಕೂ ಪಕ್ಕದಕ್ಷರಕ್ಕೆ ತಾಗುವಷ್ಟು ಬಾಲ.

ಈ ಬಾಲಕ್ಕಾಗಿ ಎರಡು ವರ್ಷ ಬೈದಿದ್ದೇನೆ,
ಅವಳ ಅಕ್ಕ ಶಮೀಮಳನ್ನು.
ಏಳನೇ ತರಗತಿಯ ದಸರಾ ರಜೆಗೆ ಹೋದವಳು
ರಜೆ ಮುಗಿಸಿ ಬರಲೇ ಇಲ್ಲ.
ಭಟ್ಟಿಯ ಮುಂದೆ ಕಾದ ಮರಳು ಜರಡಿ ಹಿಡಿಯುತ್ತಾಳಂತೆ.

ಯಾರು ಬರೆದದ್ದು ಎಂದು ಕರೆದು ಕೇಳಬೇಕು.
ಕೇಳಿದರೆ ನಾಳೆಯಿಂದ ಈ ಳ ಬರುವುದಿಲ್ಲ.
ಹೋಂವರ್ಕ್ ನಿಲ್ಲಿಸಿದರೂ ಬರುವುದಿಲ್ಲ.

ಜಬೀನಾಗೆ ಹದಿನೇಳರ ಮಗ್ಗಿ ಬಾರದು,
ಅದೂ ನಿಜ.

"ಬಾಲ ಮೊಟಕು ಮಾಡು" ಎಂದು ಕೆಂಪಿನಲ್ಲಿ ಬರೆದೆ,
ಯಾರಿಗೆಂದು ಬರೆಯಲಿಲ್ಲ.
ಅದರ ಕೆಳಗೆ: ನಾಳೆಗೆ ಹದಿನೆಂಟರದು, ಹತ್ತು ಸಲ.
ಜಬೀನಾ, ನೀನು ಬಾಯಲ್ಲಿ ಒಪ್ಪಿಸು.