ಮೊದಲ ಗುಟುಕು

ಎರಡು ಮರಳುಗಾಡಿನ ನಡುವೆ ವಿಂಡ್‌ಹುಕ್.
ಬೆಳಗಿನ ಜಾವ ನಾಲ್ಕು.
ಗಾಜಿನ ತೊಟ್ಟಿಯಲ್ಲಿ ಆರು ಮೀನು
ಬಾಲ ಆಡಿಸಿದರೆ ಊರಿಗೆ ನೀರು.
ಕೌನಾಪಾವಾ ಒಂದೊಂದನ್ನೇ ಎಣಿಸುತ್ತಾಳೆ,
ಆಮೇಲೆ ಲೋಟ ಎತ್ತಿ
ತಾನೇ ಒಂದು ಗುಟುಕು.

ನಿನ್ನೆ ಯಾರೋ ಮಿಂದದ್ದು, ಯಾರೋ ಮುಕ್ಕಳಿಸಿ ಉಗಿದದ್ದು,
ಹೆರಿಗೆ ವಾರ್ಡಿನ ಬಟ್ಟೆ ಒಗೆದದ್ದು
ಮರಳು, ಇದ್ದಿಲು, ಓಜೋನು ದಾಟಿ
ಹೆಸರು ಕಳಕೊಂಡು ಬಂದಿದೆ.

ಅಮ್ಮ ಮಾತ್ರ ಇಂದಿಗೂ ಕೇಳುತ್ತಾಳೆ:
"ಯಾರೆಂಜಲೇ ಇದು?"
ಕಾಟುಟುರಾದ ನಲ್ಲಿ ಸಾಲಿನಲ್ಲಿ
ಡಬ್ಬ ಹೊತ್ತು ಸವೆದ ನೆತ್ತಿ ಅವಳದು.

"ಗೊತ್ತಿಲ್ಲಮ್ಮ. ನಿನ್ನದೂ ಇರಬಹುದು."

ಅಮ್ಮ ನಗುವುದಿಲ್ಲ.
ಆದರೆ ಈಗೀಗ
ಎಣ್ಣೆ ಬಾಣಲೆ ತೊಳೆಯುವ ಮೊದಲು
ಹಳೇ ಪೇಪರಿನಲ್ಲಿ ಉಜ್ಜಿ ಉಜ್ಜಿ ಒರೆಸುತ್ತಾಳೆ:
ಮೋರಿಗೆ ಬಿಟ್ಟದ್ದು
ಮೊದಲು ಮಗಳ ಬಾಯಿಗೇ ತಾನೆ.