ಅರ್ಧ ನೆರಳು

ಎರಡು ದಿನ ತಡವಾಗಿದೆ, ಎರ್ರಿಸ್ವಾಮಿ ದಂಡ ಹಾಕಲಿ.
ಇನ್ನೂ ನಲವತ್ತು ಪುಟ ಉಳಿದಿವೆ.
ಬೇಕಂತಲೇ ಉಳಿಸಿದ್ದೇನೆ,
ಹಬ್ಬದ ಮರುದಿನಕ್ಕೆ ಹೋಳಿಗೆ ಬಚ್ಚಿಟ್ಟ ಹಾಗೆ.

ಕೌಲ್ ಬಜಾರಿನ ಮಾಳಿಗೆ ಮೇಲೆ
ಹದಿನಾಲ್ಕು ಮಿಷಿನ್ನು, ಒಂದು ಕಿಟಕಿ.
ದಿನಕ್ಕೆ ಇನ್ನೂರು ಜೇಬು ನನ್ನ ಪಾಲು.
ಉಗುರಿನ ಸಂದಿಯಲ್ಲಿ ಜೀನ್ಸಿನ ನೀಲಿ,
ಸಾಬೂನಿಗೆ ಬಗ್ಗುವ ಬಣ್ಣವಲ್ಲ ಅದು.
ಕರೆಂಟು ಹೋದ ಗಳಿಗೆ
ಬಟ್ಟೆಗಂಟಿನ ಮೇಲೆ ಕೂತು ಪುಸ್ತಕ ತೆಗೆಯುತ್ತೇನೆ.
"ಮತ್ತ ಹೋದಳು ನೋಡ್ರೇ ಮಾಬುನ್ನಿ" ಅಂತಾಳೆ ಹುಲಿಗೆಮ್ಮ.
ಹೋಗಿರುತ್ತೇನೆ, ಹೌದು.

ಅಲ್ಲಿ ಏಳು ಅಂತಸ್ತಿನ ಗ್ರಂಥಾಲಯ.
ರಾತ್ರಿಯಾದರೆ ಕಪಾಟುಗಳು ಜಾಗ ಬದಲಿಸುತ್ತವೆ,
ಕೊಟ್ಟಿಗೆಯಲ್ಲಿ ದನ ಮಗ್ಗುಲಾದಂತೆ, ನಿಧಾನ.
ಯಾರೂ ಓದದ ಪುಸ್ತಕಗಳು ನಿದ್ದೆಯಲ್ಲಿ ಗೊಣಗುತ್ತವೆ.
ಅದನ್ನು ಕಾಯುವವನಿಗೆ ನೆರಳಿಲ್ಲ.
ಅವನು ಹೊಸ್ತಿಲು ದಾಟಬೇಕೆಂದರೆ
ಅವಳು ತನ್ನ ನೆರಳಲ್ಲಿ ಅರ್ಧ ಹರಿದು ಕೊಡಬೇಕು.
ಕೊಟ್ಟೇಬಿಡುತ್ತಾಳೆ,
ಮುತ್ತು ಕೊಟ್ಟಷ್ಟು ಸಲೀಸಾಗಿ!

ಬರೆದಾಕಿ ಯಾವ ತಂಪು ಊರಿನಾಕಿಯೋ.
ಏಪ್ರಿಲ್ಲಿನಲ್ಲಿ ಒಂದು ದಿನ
ಮೋತಿ ಸರ್ಕಲ್ಲಿನಲ್ಲಿ ಬಸ್ಸಿಗೆ ನಿಂತು ನೋಡಲಿ.
ಹನ್ನೊಂದಕ್ಕೆ ಲೈಟಿನ ಕಂಬದ ನೆರಳಲ್ಲಿ
ಒಬ್ಬರ ಹಿಂದೊಬ್ಬರು ಗೆರೆಯಾಗಿ ನಿಂತಿರುತ್ತೇವೆ.
ಹನ್ನೆರಡಕ್ಕೆ ಅದೂ ಇಲ್ಲ.
ಕೋಟೆ ಗುಡ್ಡವೇ ತನ್ನ ನೆರಳನ್ನು
ಮಡಚಿ ಕಾಲ ಕೆಳಗೆ ಇಟ್ಟುಕೊಂಡಿರುತ್ತದೆ.
ಅರ್ಧ ನೆರಳು! ನಮ್ಮೂರಲ್ಲಿ ಅದು ಆಸ್ತಿ,
ಕೋರ್ಟಿಗೆ ಹೋಗುವಂಥದ್ದು.
ಹೀಗೆ ಬೈದುಕೊಳ್ಳುತ್ತಲೇ
ಆ ಪುಟವನ್ನು ಮೂರು ಸಲ ಓದಿದೆ.

ಮೂರನೇ ಸಲ ಕಂಡಿತು
ಅಂಚಿನಲ್ಲೊಂದು ನೀಲಿ ಹೆಬ್ಬೆಟ್ಟು.
ನನ್ನದೇ ಎಂದು ಉಗುಳು ಹಚ್ಚಿ ಒರೆಸಹೋದೆ.
ಅಲ್ಲ. ನನ್ನದಕ್ಕಿಂತ ಅಗಲ,
ನಡುವೆ ಅಡ್ಡಕ್ಕೊಂದು ಗಾಯದ ಗೆರೆ.
ವಾಷಿಂಗ್ ಯೂನಿಟ್ಟಿನವನೇ ಇರಬೇಕು,
ಹೊಲಿಯುವವರ ನೀಲಿ ಇಷ್ಟು ಗಾಢವಿರುವುದಿಲ್ಲ.

ಹಿಂದಕ್ಕೆ ತಿರುವಿದೆ.
ಯುದ್ಧದ ಇಪ್ಪತ್ತು ಪುಟ ಚೊಕ್ಕ, ಬೆರಳೂ ಸೋಕಿಲ್ಲ.
ಅವಳು ಏಣಿ ಮೇಲಿಂದ ಅವನ ತಲೆಗೂದಲಿನ
ಧೂಳು ಊದುವಲ್ಲಿ
ಎರಡು ಬೆರಳು, ಒತ್ತಿ.

ಎರ್ರಿಸ್ವಾಮಿಯನ್ನು ಕೇಳಿದರೆ ರಿಜಿಸ್ಟರು ತೆಗೆದಾನು,
ಹೆಸರು, ವಿಳಾಸ, ಫೋನು ನಂಬರು.
ಕೇಳುವುದಿಲ್ಲ.
ನಾನು ಹೊಲಿದ ಇನ್ನೂರು ಜೇಬು
ಸಂಜೆ ಆಟೋದಲ್ಲಿ ವಾಷಿಂಗಿಗೆ ಹೋಗುತ್ತವೆ,
ಯಾವುದೋ ಕೈ ಅವನ್ನು ಒಳಹೊರಗು ಮಾಡುತ್ತದೆ,
ಅಷ್ಟು ಸಾಕು.

ಒಂದೇ ಕುತೂಹಲ.
ಕೊನೆಯ ಪುಟದಲ್ಲೂ ಆ ಹೆಬ್ಬೆಟ್ಟು ಇದೆಯೋ,
ಇಲ್ಲ ನಡುವೆಯೇ ಎಲ್ಲೋ ಬಿಟ್ಟನೋ.
ತಿರುವಿದರೆ ಈಗಲೇ ಗೊತ್ತಾಗುತ್ತದೆ.

ಕರೆಂಟು ಬಂತು. ಮಿಷಿನ್ನುಗಳು ಶುರುವಾದವು.
ಪುಟ ಗುರುತಿಗೆ
ಒಂದು ಎಳೆ ಹಳದಿ ದಾರ ಇಟ್ಟೆ.